ಅಪಘಾತದ ಕ್ಲೇಮಿಗೆ ವಕೀಲರು ಬೇಕಾ? ಎರಡು ಫೈಲ್ ಓಡಿಸಿದ ನನ್ನ ಅನುಭವ

ಆಕ್ಸಿಡೆಂಟ್ ಪರಿಹಾರದ ಕೇಸಿಗೆ ವಕೀಲರನ್ನು ಇಡಬೇಕಾ ಅಂತ ಕೇಳಿದರೆ ನಮ್ಮ ದಾವಣಗೆರೆಯಲ್ಲಿ ಒಂದೇ ಉತ್ತರ: "ಫೈಲ್ ಕೊಟ್ಟು ಸುಮ್ನೆ ಕೂತ್ಕೋ, ಬಂದಿದ್ರಲ್ಲಿ 20 ಪರ್ಸೆಂಟ್ ಕೊಡು." ನಾನು ಹಾಗೆ ಮಾಡಲಿಲ್ಲ. ನಮ್ಮ ಮನೆಯಲ್ಲಿ ಎರಡು ಕ್ಲೇಮ್ ಆದವು. ಒಂದಕ್ಕೆ ವಕೀಲರನ್ನೇ ಇಡಲಿಲ್ಲ. ಇನ್ನೊಂದಕ್ಕೆ ಇಟ್ಟೆ, ಆದರೆ ಫೈಲ್ ಪೂರ್ತಿ ರೆಡಿಯಾದ ಮೇಲೆ, ಫಿಕ್ಸೆಡ್ ಫೀಸಿಗೆ. ಎರಡರಲ್ಲೂ ದುಡ್ಡು ಬಂದಿದೆ. "ಕೋರ್ಟಲ್ಲಿ ನಿನ್ನ ನೋಡಿ ನಗ್ತಾರೆ ಕಣಯ್ಯಾ" ಅಂದಿದ್ದ ನಮ್ಮ ಭಾವ ಈಗ ಪರಿಚಯದವರನ್ನು ನನ್ನ ಗಿರಣಿಗೇ ಕಳಿಸುತ್ತಾರೆ. ಎಫ್‌ಐಆರ್, ಮಹಜರು, ಚಾರ್ಜ್‌ಶೀಟ್, ವೂಂಡ್ ಸರ್ಟಿಫಿಕೇಟ್ ಏನು ಎತ್ತ ಅಂತ ಇಲ್ಲಿ ವಿವರಿಸಲ್ಲ. ಈ ದಾರಿ ತುಳಿಯುತ್ತಿರುವವರಿಗೆ ಅದೆಲ್ಲ ಗೊತ್ತಿರುತ್ತೆ.

ಮೊದಲನೆಯದು ಅಕ್ಕನ ಮಗನದು. ಕಾರಿನವನು ಹಿಂದೆ ನೋಡದೆ ಬಾಗಿಲು ತೆಗೆದ, ಇವನು ಬೈಕ್ ಸಮೇತ ಬಿದ್ದ. ಮೂಳೆ ಮುರಿದಿರಲಿಲ್ಲ. ಮಣಿಕಟ್ಟು ಊದಿತ್ತು, ಮೊಣಕಾಲಿಗೆ ಹೊಲಿಗೆ. ಬಿಲ್ಲು ಒಟ್ಟು 22 ಸಾವಿರ ಚಿಲ್ಲರೆ. ಒಬ್ಬ ವಕೀಲರನ್ನು ಕೇಳಿದರೆ 10 ಸಾವಿರ ಮುಂಗಡ, ಆಮೇಲೆ ಪರ್ಸೆಂಟ್ ಅಂದರು. ಇಷ್ಟು ಸಣ್ಣ ಕೇಸಿನಲ್ಲಿ ಅಷ್ಟು ಕೊಟ್ಟರೆ ಹುಡುಗನಿಗೆ ಏನು ಉಳಿಯುತ್ತೆ? ಅವನೇ ಅರ್ಜಿದಾರ, ಅವನೇ ವಾದಿಸುವವನು ಅಂತ ಹಾಕಿಸಿದೆ. ನಾನು ಹಿಂದಿನ ಬೆಂಚಿನಲ್ಲಿ.

ಸುಲಭವಾಗಿ ಆಗಲಿಲ್ಲ. ಅರ್ಜಿ ಆಫೀಸ್ ಆಬ್ಜೆಕ್ಷನ್ ಬಿದ್ದು, ಅಂದರೆ ಕೋರ್ಟ್ ಕಚೇರಿಯವರು ತಪ್ಪು ಹಿಡಿದು, ವಾಪಸ್ ಬಂತು. ಕಾರಿನ ಮಾಲೀಕರ ವಿಳಾಸ ಆರ್‌ಸಿಯಲ್ಲಿ ಒಂದು, ಚಾರ್ಜ್‌ಶೀಟಿನಲ್ಲಿ ಇನ್ನೊಂದು. ಸರಿಮಾಡಿ ಕೊಟ್ಟರೆ ನೋಟಿಸ್ ಮುಟ್ಟಲಿಲ್ಲ. ಮತ್ತೆ ನೋಟಿಸ್, ಮತ್ತೆ ಮುಂದಿನ ತಾರೀಖು. ಕೊನೆಗೆ ಲೋಕ ಅದಾಲತ್‌ನಲ್ಲಿ ಕಾರಿನ ಇನ್ಶೂರೆನ್ಸ್ ಕಂಪನಿಯವರು 40 ಅಂದರು, ಹುಡುಗ 70 ಅಂದ, 55 ಸಾವಿರಕ್ಕೆ ಮುಗಿಯಿತು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅಪೀಲು ಇಲ್ಲ. ದುಡ್ಡು ಬೇಗ ಬರುತ್ತೆ. ಖರ್ಚು ಜೆರಾಕ್ಸ್, ಅಫಿಡವಿಟ್, ಓಡಾಟ ಎಲ್ಲ ಸೇರಿ ಎರಡು ಸಾವಿರದ ಆಸುಪಾಸು.

ಇದರಿಂದ ನನಗೆ ಸ್ವಲ್ಪ ಕೊಬ್ಬು ಬಂದಿತ್ತು ಅನ್ನಿ. ಆದರೆ 2023ರಲ್ಲಿ ಪಿ.ಬಿ. ರಸ್ತೆಯಲ್ಲಿ ಕಾರೊಂದು ಅಡ್ಡ ತಿರುಗಿ ನನ್ನ ಸ್ಕೂಟರ್‌ಗೆ ಗುದ್ದಿದಾಗ ಲೆಕ್ಕವೇ ಬೇರೆಯಾಯಿತು. ಎಡಗಾಲಿನ ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದವು. ರಾಡ್ ಹಾಕಿದರು. ಆಸ್ಪತ್ರೆ ಬಿಲ್ಲು 1 ಲಕ್ಷ 90 ಸಾವಿರದ ಹತ್ತಿರ. ನಾನಿನ್ನೂ ಬೆಡ್ ಮೇಲೆ ಇರುವಾಗಲೇ ಒಬ್ಬ ಬ್ರೋಕರ್ ಖಾಲಿ ವಕಾಲತ್ತು (ವಕೀಲರನ್ನು ನೇಮಿಸುವ ಪತ್ರ) ಹಿಡಿದುಕೊಂಡು ಬಂದ. ಕೇಸು ಬೆಂಗಳೂರಲ್ಲಿ ಹಾಕೋಣ, ಅಲ್ಲಿ ಜಾಸ್ತಿ ಕೊಡ್ತಾರೆ ಅಂತ ಬಣ್ಣ ಹಚ್ಚಿದ. ವಾಸ ಇರುವ ಊರಲ್ಲೂ ಹಾಕಬಹುದು, ಅಪಘಾತ ಆದ ಜಾಗದಲ್ಲೂ ಹಾಕಬಹುದು, ಕಾನೂನಿನಲ್ಲೇ ಇದೆ. ಕುಂಟುವ ಕಾಲು ಇಟ್ಟುಕೊಂಡು ನಾನ್ಯಾಕೆ ಬೆಂಗಳೂರಿಗೆ ಅಲೆಯಲಿ?

ಇನ್ಶೂರೆನ್ಸ್ ಕಂಪನಿಯವರು ಆರಂಭದಲ್ಲೇ ರಾಜಿಗೆ 2 ಲಕ್ಷ 60 ಸಾವಿರ ಅಂದರು. ಆಸ್ಪತ್ರೆ ಬಿಲ್ಲಿನ ಮೇಲೆ ಒಂದಿಷ್ಟು ಉಪ್ಪು ಉದುರಿಸಿದ ಹಾಗೆ. ಮನೆಯವರೆಲ್ಲ ತಗೊಂಡುಬಿಡು ಅಂದರು. ಆಗ ನಾನು ಒಂದು ಕೆಲಸ ಮಾಡಿದೆ. ಮಲಗಿದಲ್ಲೇ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಎಂವಿಸಿ, ಅಂದರೆ ವಾಹನ ಅಪಘಾತದ ಕ್ಲೇಮ್ ಕೇಸುಗಳ ತೀರ್ಪುಗಳನ್ನು ಓದುತ್ತಾ ಹೋದೆ. ಹಳೇ ಲೆಕ್ಕದ ಪುಸ್ತಕದಲ್ಲಿ ಕೋಷ್ಟಕ ಮಾಡಿದೆ: ಯಾವ ಮೂಳೆ, ವಯಸ್ಸು ಎಷ್ಟು, ಡಾಕ್ಟರ್ ಎಷ್ಟು ಪರ್ಸೆಂಟ್ ಅಂದರು, ಟ್ರಿಬ್ಯೂನಲ್ (ಈ ಕ್ಲೇಮ್ ಕೇಳುವ ಕೋರ್ಟು) ಎಷ್ಟು ಹಿಡಿಯಿತು. ಕೈಕಾಲಿನ ಊನಕ್ಕೆ ಡಾಕ್ಟರ್ ಹೇಳಿದ್ದರಲ್ಲಿ ಮೂರರಲ್ಲಿ ಒಂದು ಭಾಗವನ್ನೇ ಇಡೀ ದೇಹಕ್ಕೆ ಹಿಡಿಯುವುದು ಸಾಮಾನ್ಯ ಅಂತ ಗೊತ್ತಾಯಿತು. ಆದಾಯಕ್ಕೆ ದಾಖಲೆ ಇಲ್ಲದಿದ್ದರೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಚಾರ್ಟ್ ನೋಡುತ್ತಾರೆ. 2023ಕ್ಕೆ ಅದು ತಿಂಗಳಿಗೆ 16 ಸಾವಿರದ ಆಸುಪಾಸು. ನನಗೆ 43 ವರ್ಷ, ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಪ್ರಕಾರ ಗುಣಕ (ವಯಸ್ಸು ನೋಡಿ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ) 14. ಊನ 10ರಿಂದ 12 ಪರ್ಸೆಂಟ್ ಹಿಡಿದು, ಅದಕ್ಕೆ ಆಸ್ಪತ್ರೆ ಬಿಲ್ಲು, ನಿಂತ ದುಡಿಮೆ, ನೋವು, ಆರೈಕೆ ಅಂತ ಕೊಡುವುದನ್ನೆಲ್ಲ ಕೂಡಿಸಿದೆ. ಆರೂವರೆಯಿಂದ ಏಳೂಕಾಲು ಲಕ್ಷದ ಮಧ್ಯೆ ಬಂತು. ಈ ಅಂಕಿ ಕೈಯಲ್ಲಿದ್ದಿದ್ದಕ್ಕೇ 2.60ಕ್ಕೆ ಸಹಿ ಹಾಕಲಿಲ್ಲ.

ಈ ಕೇಸಿಗೆ ವಕೀಲರು ಬೇಕು ಅಂತ ತೀರ್ಮಾನ ಮಾಡಿದ್ದೂ ಅದೇ ಪುಸ್ತಕ ನೋಡಿ. ಕೋಷ್ಟಕದಲ್ಲಿ ದುಡ್ಡು ಏರಿಳಿದದ್ದೆಲ್ಲ ಡಾಕ್ಟರ್ ಸಾಕ್ಷಿಯ ಮೇಲೆ. ಡಾಕ್ಟರ್ ಬಂದು ಸಾಕ್ಷಿ ಹೇಳಬೇಕು, ಕಂಪನಿ ವಕೀಲರು ಅವರನ್ನು ಪಾಟೀ ಸವಾಲು ಮಾಡುತ್ತಾರೆ. ಅಲ್ಲಿ ನಾನು ಎದ್ದು ನಿಂತು ಏನು ಕೇಳಲಿ? ಮೂಳೆ ಮುರಿಯದ ಕೇಸಿನಲ್ಲಿ ಈ ತಲೆನೋವೇ ಇಲ್ಲ, ಅಲ್ವಾ.

ಆದರೆ ಅಲ್ಲಿಯವರೆಗಿನ ಕೆಲಸಕ್ಕೆ ವಕೀಲರು ಯಾಕೆ? 2022ರ ಏಪ್ರಿಲ್‌ನಿಂದ ಬಂದ ನಿಯಮದಲ್ಲಿ ಪೊಲೀಸರೇ 48 ಗಂಟೆಯೊಳಗೆ ಮೊದಲ ವರದಿ, 90 ದಿನದೊಳಗೆ ವಿವರವಾದ ವರದಿಯನ್ನು ಟ್ರಿಬ್ಯೂನಲ್‌ಗೆ ಕೊಡಬೇಕು. ನನ್ನ ವಿಷಯದಲ್ಲಿ ಆ ದಿನಗಳೆಲ್ಲ ಕಳೆದು ಹೋದವು. ಅರ್ಜಿಗೆ 6 ತಿಂಗಳ ಗಡುವು ಅಂತಲೂ ಆಗಲೇ ಬಂದಿತ್ತು. ಅದರ ಮೇಲೆ ಕೋರ್ಟಲ್ಲಿ ತಕರಾರು ಇದೆ ಅಂತ ನೆಚ್ಚಿಕೊಂಡು ಕೂರಬೇಡಿ. ಸ್ಟೇಷನ್ನಿನಲ್ಲಿ ಯಾರನ್ನು, ಯಾವ ಹೊತ್ತಿಗೆ ಕೇಳಿದರೆ ಪೊಲೀಸ್ ದಾಖಲೆಗಳ ಕಾಪಿ ಸಿಗುತ್ತೆ ಅನ್ನುವುದು ನನಗೆ ಗೊತ್ತು. ಅದು ನನ್ನಲ್ಲೇ ಇರಲಿ.

ಕಾಪಿ ಸಿಕ್ಕ ಮೇಲೆ ಮೋಟಾರು ವಾಹನ ನಿರೀಕ್ಷಕರ ವರದಿಯನ್ನೂ ಮಹಜರಿನಲ್ಲಿ ಪೊಲೀಸರು ಬರೆದ ಸ್ಥಳದ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ನನ್ನ ವರದಿಯಲ್ಲಿ ಕಾರಿನ ಮುಂದಿನ ಬಂಪರ್ ಬಲಮೂಲೆ ಒಡೆದಿದೆ ಅಂತಿತ್ತು, ಸ್ಕೂಟರಿನ ಎಡಗಡೆ ಫುಟ್‌ಬೋರ್ಡ್ ಒಳಕ್ಕೆ ಬಗ್ಗಿದೆ ಅಂತಿತ್ತು. ನಕ್ಷೆಯಲ್ಲಿ ಸ್ಕೂಟರ್ ಬಿದ್ದ ಜಾಗ ನನ್ನ ಕಡೆಯ ರಸ್ತೆ ಅಂಚಿನಿಂದ ನಾಲ್ಕೋ ಐದೋ ಅಡಿ. ಅಂದರೆ ನಾನು ನನ್ನ ಕಡೆಯಲ್ಲೇ ಇದ್ದೆ. ಇದನ್ನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಫೈಲಿನ ಮೊದಲ ಪುಟಕ್ಕೇ ಹಚ್ಚಿದೆ.

ಆಮೇಲೆ ವಕೀಲರ ಹುಡುಕಾಟ. ಒಬ್ಬರು 20 ಪರ್ಸೆಂಟ್, ಖರ್ಚು ಬೇರೆ ಅಂದರು. ಇನ್ನೊಬ್ಬರು ಫಿಕ್ಸೆಡ್ ಫೀಸ್ ಅಂದ ತಕ್ಷಣ ಫೈಲ್ ಮುಚ್ಚಿ ವಾಪಸ್ ತಳ್ಳಿದರು. ಗೆದ್ದ ದುಡ್ಡಿನಲ್ಲಿ ಪಾಲು ಅಂತ ಫೀಸು ಮಾತಾಡುವುದನ್ನು ಬಾರ್ ಕೌನ್ಸಿಲ್ ನಿಯಮವೇ ಒಪ್ಪಲ್ಲ. ಅದನ್ನು ನಾನು ಯಾರ ಮುಖಕ್ಕೂ ಹೇಳಲಿಲ್ಲ, ಹೇಳಿ ಯಾರನ್ನು ಉದ್ಧಾರ ಮಾಡಬೇಕು? ಪ್ರಾಕ್ಟೀಸ್ ಶುರುಮಾಡಿ ಎಂಟತ್ತು ವರ್ಷ ಆಗಿದ್ದ ಒಬ್ಬರು ಫೈಲ್ ತಿರುವಿ ಹಾಕಿ, "ಇದರಲ್ಲಿ ನನಗೇನು ಕೆಲಸ ಉಳಿಸಿದೀರಿ?" ಅಂದರು. 45 ಸಾವಿರಕ್ಕೆ ಒಪ್ಪಿದರು. ಅರ್ಜಿ ಹಾಕುವಾಗ 15, ಡಾಕ್ಟರ್ ಸಾಕ್ಷಿ ಮುಗಿದಾಗ 15, ತೀರ್ಪಿಗೆ 15. ಚೀಟಿಯಲ್ಲಿ ಬರೆಸಿಕೊಂಡೆ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಇಷ್ಟೂ ಕೊಡಬೇಕಿಲ್ಲ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿದರೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ.

ಮಧ್ಯೆ ನನ್ನ ಒಂದೆರಡು ಪ್ರಯೋಗ ಹೇಳಿಬಿಡುತ್ತೇನೆ. ಆಟೋ ಚಾರ್ಜನ್ನು ದಿನಾ ಡೈರಿಯಲ್ಲಿ ಬರೆದಿಟ್ಟೆ. ಏನೂ ಉಪಯೋಗ ಆಗಲಿಲ್ಲ, ಓಡಾಟ, ಊಟ, ಆರೈಕೆಗೆ ಅಂತ ಒಟ್ಟಾಗಿ ಒಂದು ಮೊತ್ತ ಕೊಟ್ಟರು. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯವರ ಕೈಚೀಟಿಗಳನ್ನು ನಂಬಲಿಲ್ಲ, ಸುಮಾರು 11 ಸಾವಿರ ಹಾಗೇ ಹೋಯಿತು. ಗಿರಣಿಯ ಕರೆಂಟ್ ಬಿಲ್ ಮಾತ್ರ ಕೆಲಸ ಮಾಡಿತು. ಅಪಘಾತಕ್ಕೆ ಮುಂಚೆ ತಿಂಗಳಿಗೆ 900 ಯೂನಿಟ್ ಹತ್ತಿರ ಇದ್ದದ್ದು ಆಮೇಲಿನ ನಾಲ್ಕು ತಿಂಗಳು ನಲವತ್ತು ಐವತ್ತಕ್ಕೆ ಬಿದ್ದಿತ್ತು. ಬೆಸ್ಕಾಂ ಬಿಲ್ಲಿಗೆ ಯಾರು ಸುಳ್ಳು ಅನ್ನುತ್ತಾರೆ? ತಿಂಗಳಿಗೆ 30 ಸಾವಿರ ದುಡಿಯುತ್ತೇನೆ ಅಂದದ್ದನ್ನು ಒಪ್ಪಲಿಲ್ಲ, ಆದರೆ ನಾಲ್ಕು ತಿಂಗಳು ಗಿರಣಿ ನಿಂತಿತ್ತು ಅನ್ನುವುದನ್ನು ಮರುಮಾತಿಲ್ಲದೆ ಒಪ್ಪಿದರು.

ನನ್ನ ಪಾಟೀ ಸವಾಲು ಅರ್ಧ ಗಂಟೆಯೂ ಆಗಲಿಲ್ಲ. ಹೆಲ್ಮೆಟ್ ಇತ್ತಾ, ಲೈಸೆನ್ಸ್ ಇತ್ತಾ, ಈಗ ಗಿರಣಿ ಯಾರು ನಡೆಸುತ್ತಾರೆ. "ಅಪಘಾತವು ನನ್ನ ನಿರ್ಲಕ್ಷ್ಯದಿಂದಲೇ ಆಯಿತು ಎಂದರೆ ಸರಿಯಲ್ಲ. ನಾನು ಮೊದಲಿನಂತೆ ಕೆಲಸ ಮಾಡುತ್ತಿದ್ದೇನೆ ಎಂದರೆ ಸರಿಯಲ್ಲ." ಬೆರಳಚ್ಚಿನವರ ಕೈ ನನ್ನ ಬಾಯಿಗಿಂತ ಮುಂದೆ ಓಡುತ್ತಿತ್ತು. ಡಾಕ್ಟರ್ ಸಾಕ್ಷಿ ಗಟ್ಟಿ. ಆಪರೇಷನ್ ಮಾಡಿದವರೇ ಬಂದಿದ್ದರು. ಅವರ ಬಾಬ್ತು 10 ಸಾವಿರ ಆಯಿತು. ಬಿಡುವಿಲ್ಲದ ಡಾಕ್ಟರನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನೂ ಇಲ್ಲಿ ಬರೆಯಲ್ಲ. ಕಾಲಿಗೆ 36, ದೇಹಕ್ಕೆ 12 ಪರ್ಸೆಂಟ್ ಅಂದರು. ನಮ್ಮ ವಕೀಲರು ಎರಡೇ ಪ್ರಶ್ನೆ ಕೇಳಿದರು: ಈತ ಐವತ್ತು ಕೆಜಿ ಚೀಲ ಎತ್ತಬಹುದಾ, ದಿನವಿಡೀ ನಿಲ್ಲಬಹುದಾ. ಆ ಎರಡು ಪ್ರಶ್ನೆಗೇ 45 ಸಾವಿರ ವಸೂಲಾಯಿತು. ಟ್ರಿಬ್ಯೂನಲ್ 12ನ್ನೇ ಹಿಡಿಯಿತು.

ತೀರ್ಪಿಗೆ ಮುಂಚಿನ ಲೋಕ ಅದಾಲತ್‌ನಲ್ಲಿ ಕಂಪನಿ ನಾಲ್ಕು ಲಕ್ಷದವರೆಗೆ ಬಂದಿತ್ತು. ಒಪ್ಪಲಿಲ್ಲ. ಬಂದ ತೀರ್ಪು 7 ಲಕ್ಷ 20 ಸಾವಿರ ಚಿಲ್ಲರೆ. ಅರ್ಜಿ ಹಾಕಿದ ದಿನದಿಂದ 6 ಪರ್ಸೆಂಟ್ ಬಡ್ಡಿ ಬೇರೆ, ಅದು ಎಪ್ಪತ್ತು ಸಾವಿರದ ಮೇಲೆ. ನನ್ನ ಖರ್ಚು ಎಲ್ಲ ಸೇರಿ 60 ಸಾವಿರ ದಾಟಲಿಲ್ಲ. 20 ಪರ್ಸೆಂಟ್ ಅಂದಿದ್ದರೆ ಒಂದೂವರೆ ಲಕ್ಷ ಕೈ ಬಿಡುತ್ತಿತ್ತು. ಕಂಪನಿ ಅಪೀಲು ಹೋಗಲಿಲ್ಲ. ದುಡ್ಡು ಡಿಪಾಸಿಟ್ ಮಾಡಲು ಮಾತ್ರ ತಿಂಗಳುಗಟ್ಟಲೆ ಎಳೆದರು, ತೀರ್ಪು ಜಾರಿ ಮಾಡಿಸಿ ಅಂತ ಎಕ್ಸಿಕ್ಯೂಷನ್ ಅರ್ಜಿ ಹಾಕಿದ ಮೇಲೆ ಕಟ್ಟಿದರು. ಒಂದು ಭಾಗ ಎಫ್‌ಡಿಯಲ್ಲಿದೆ.

ಗಿರಣಿಗೆ ಬರುವವರಲ್ಲಿ ಮೂರು ಥರದವರನ್ನು ನಾನು ಮುಟ್ಟುವುದೇ ಇಲ್ಲ, ನೇರ ವಕೀಲರ ಹತ್ತಿರ ಕಳಿಸುತ್ತೇನೆ. ಸಾವಿನ ಕೇಸು, ಎದುರಿನ ಗಾಡಿಗೆ ಇನ್ಶೂರೆನ್ಸ್ ಇಲ್ಲದ ಕೇಸು, ಡ್ರೈವರ್ ಲೈಸೆನ್ಸ್ ತಕರಾರು ಇರುವ ಕೇಸು. ಉಳಿದವರಿಗೆ ಆ ಕೋಷ್ಟಕದ ಜೆರಾಕ್ಸ್ ಕೊಡುತ್ತೇನೆ. ಪುಸ್ತಕ ಕೊಡಲ್ಲ.