ನಂಗು ಮೀನನ್ನು ಗುರುತಿಸುವುದು ಹೇಗೆ?

ಕರಾವಳಿ ಸಮುದ್ರದ ತಳದಲ್ಲಿ ಚಪ್ಪಟೆಯಾಗಿ ಮಲಗುವ ಮೀನುಗಳು ಒಂದೆರಡಲ್ಲ. ಅವುಗಳಲ್ಲಿ ನಂಗು ಯಾವುದು ಅಂತ ಹುಡುಕುವಾಗ ಎಲ್ಲರೂ ಮೊದಲು ಬಣ್ಣ ನೋಡುತ್ತಾರೆ. ಬಣ್ಣವನ್ನು ಜಾಸ್ತಿ ನಂಬಬೇಡಿ. ಚಪ್ಪಟೆ ಮೀನುಗಳು ಮಲಗಿದ ನೆಲಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತವೆ. ಸತ್ತ ಮೇಲಂತೂ ಅದು ಮಾಸಿಹೋಗುತ್ತದೆ.

ಕಣ್ಣಿನಿಂದ ಶುರು ಮಾಡಿ. ಎರಡೂ ಕಣ್ಣು ಮೇಲೆ ಬರುವಂತೆ ಮೀನನ್ನು ಹಲಗೆಯ ಮೇಲಿಡಿ. ಹೊಟ್ಟೆಯ ಅಂಚು ನಿಮ್ಮ ಕಡೆಗಿರಲಿ. ಹೊಟ್ಟೆ ಯಾವ ಕಡೆ ಅಂತ ಗೊತ್ತಾಗುತ್ತಿಲ್ವಾ? ಬಾಯಿ ತೆರೆದು ನೋಡಿ. ಕೆಳದವಡೆ ಇರುವ ಕಡೆಯೇ ಹೊಟ್ಟೆ. ಈಗ ತಲೆ ನಿಮ್ಮ ಎಡಕ್ಕಿದ್ದರೆ ಕಣ್ಣುಗಳು ಮೀನಿನ ಎಡಮೈಯಲ್ಲಿವೆ ಎಂದರ್ಥ. ನಂಗು ಹೀಗೇ ಇರುತ್ತದೆ. ತಲೆ ಬಲಕ್ಕಿದ್ದರೆ ಅದು ಬೇರೆ ಕುಟುಂಬದ ಮೀನು ಅಂತಲೇ ಇಟ್ಟುಕೊಳ್ಳಿ.

ಆದರೆ ಎಡಮೈಯಲ್ಲಿ ಕಣ್ಣಿರುವ ಚಪ್ಪಟೆ ಮೀನುಗಳು ಇನ್ನೂ ಇವೆ. ಅದಕ್ಕೇ ಬಾಲ ನೋಡಬೇಕು. ನಂಗಿನ ಮೈ ನಾಲಿಗೆಯಂತೆ ಉದ್ದ, ತುದಿ ಚೂಪು. ಬೆನ್ನಿನ ರೆಕ್ಕೆ ಮತ್ತು ಕೆಳಗಿನ ರೆಕ್ಕೆ ಎರಡೂ ಬಾಲದ ಜೊತೆ ಸೇರಿಹೋಗಿರುತ್ತವೆ. ಬಾಲ ಎಲ್ಲಿ ಶುರುವಾಯಿತು ಅಂತ ಹೇಳುವುದೇ ಕಷ್ಟ. ಕಿವಿರಿನ ಹಿಂದೆ ಬೆರಳಾಡಿಸಿ. ಬೇರೆ ಮೀನುಗಳಿಗೆ ಅಲ್ಲಿರುವ ಪಕ್ಕದ ರೆಕ್ಕೆ ಬೆಳೆದ ನಂಗಿಗೆ ಇರುವುದಿಲ್ಲ. ಮೂತಿ ಬಾಯಿಯ ಮೇಲೆ ಬಾಗಿ ಇಳಿದಿರುತ್ತದೆ. ಇಷ್ಟು ಸಿಕ್ಕರೆ ಸಾಕು, ಅದು ನಂಗಿನ ಕುಟುಂಬದ್ದೇ.

ಯಾವ ಜಾತಿಯ ನಂಗು ಎನ್ನುವುದಕ್ಕೆ ಭೂತಗನ್ನಡಿ ಬೇಕು. ಕಣ್ಣಿರುವ ಮೈಯಲ್ಲಿ ತಲೆಯಿಂದ ಬಾಲದತ್ತ ಸಣ್ಣ ಗೆರೆಗಳು ಹೋಗಿರುತ್ತವೆ. ಅವೇ ಪಾರ್ಶ್ವರೇಖೆಗಳು. ಅವು ಎಷ್ಟಿವೆ, ನಡುವೆ ಎಷ್ಟು ಸಾಲು ಹುರುಪೆ ಇದೆ ಎಂದು ತಾಳ್ಮೆಯಿಂದ ಎಣಿಸಬೇಕು. ತುಟಿಯಲ್ಲಿ ಕುಚ್ಚಿನಂಥ ಅಂಚು ಕಂಡರೆ ಅದು ಪ್ಯಾರಾಪ್ಲಗೂಸಿಯ ಎಂಬ ಗುಂಪಿನದು.

ಇಷ್ಟಕ್ಕೂ ಈ ಮೀನು ಹುಟ್ಟುವಾಗ ಹೀಗಿರುವುದಿಲ್ಲ. ಮರಿ ಎಲ್ಲ ಮೀನಿನಂತೆ ನೆಟ್ಟಗೆ ಈಜುತ್ತದೆ, ಪಕ್ಕಕ್ಕೊಂದು ಕಣ್ಣು. ಬೆಳೆಯುತ್ತಾ ಬಲಗಣ್ಣು ಎಡಕ್ಕೆ ಸರಿಯುತ್ತದೆ. ಆಮೇಲೆ ತಳ ಸೇರಿ, ಬಲಮೈ ಕೆಳಗೆ ಮಾಡಿ ಮಲಗುತ್ತದೆ. ಕೆಸರು ಅಥವಾ ಮರಳಿನಲ್ಲಿ ಮೈ ಹೂತುಕೊಂಡರೆ ಕಣ್ಣಷ್ಟೇ ಹೊರಗೆ. ಹುಳು, ಸಣ್ಣ ಸಿಗಡಿಯಂಥ ಜೀವಿಗಳು ಅದರ ಊಟ. ಊಟ ಸಿಗುವುದು ನೆಲದಲ್ಲಿ ಅಲ್ವಾ? ಹಲ್ಲೂ ಆ ಕಡೆಗೇ. ಮೀನನ್ನು ಮಗುಚಿ ದವಡೆಯನ್ನು ಉಗುರಿನಿಂದ ಸವರಿ. ಕಣ್ಣಿಲ್ಲದ ಬದಿಯಲ್ಲಿ ಮಾತ್ರ ಪುಟ್ಟ ಹಲ್ಲುಗಳು ತರಿತರಿಯಾಗಿ ತಾಗುತ್ತವೆ.