ರಜೆಗೆ ಹೊರಡುವ ಮೊದಲು ನಾಯಿಗೊಂದು ವ್ಯವಸ್ಥೆ

ದಸರಾ ರಜೆಯಲ್ಲೋ ಬೇಸಿಗೆಯಲ್ಲೋ ಎಲ್ಲರೂ ಸೇರಿ ಎಲ್ಲಿಗಾದರೂ ಹೋಗೋಣ ಅಂತ ಮಾತು ಬಂದರೆ ಮೊದಲು ಟಿಕೆಟ್, ಆಮೇಲೆ ರೂಮು, ಆಮೇಲೆ ಬಟ್ಟೆಬರೆ. ನಾಯಿಯ ನೆನಪಾಗುವುದು ಹೊರಡುವ ವಾರದಲ್ಲಿ. ಅಷ್ಟು ಹೊತ್ತಿಗೆ ಪಕ್ಕದ ಮನೆಯವರೂ ಊರಿಗೆ ಹೊರಟಿರುತ್ತಾರೆ, ದುಡ್ಡು ತೆಗೆದುಕೊಂಡು ನಾಯಿ ನೋಡಿಕೊಳ್ಳುವ ಬೋರ್ಡಿಂಗ್‌ನವರು ಜಾಗ ಇಲ್ಲ ಅಂತಾರೆ. ಕೊನೆಗೆ ಯಾರೋ ಒಬ್ಬರ ಕೈಗೆ ಬೀಗದ ಕೈ ಕೊಟ್ಟು, ದೇವರ ಮೇಲೆ ಭಾರ ಹಾಕಿ ಹೊರಡುವುದು. ನಾನು ಮದುವೆಯಾಗಿ ಬಂದ ಮನೆಯಲ್ಲಿ ನಾಯಿ ಇಲ್ಲದ ಕಾಲವೇ ಇಲ್ಲ. ಆ ಅನುಭವದಿಂದ ಹೇಳುತ್ತೇನೆ, ಟಿಕೆಟ್‌ಗಿಂತ ಮೊದಲು ನಾಯಿಯ ವಿಷಯ ಮುಗಿಸಿಕೊಳ್ಳಿ.

ಇದಕ್ಕೆ ಒಂದು ಗಟ್ಟಿ ಕಾರಣವೂ ಇದೆ. ಬೋರ್ಡಿಂಗ್‌ಗೆ ಬಿಡುವುದಾದರೆ ರೇಬಿಸ್, ಡಿಸ್ಟೆಂಪರ್, ಪಾರ್ವೊ, ಇಲಿ ಜ್ವರದ ಇಂಜೆಕ್ಷನ್‌ಗಳೆಲ್ಲ ಆಗಿರಬೇಕು. ಜೊತೆಗೆ ಕೆನಲ್ ಕಾಫ್ ಲಸಿಕೆಯೂ ಇದ್ದರೆ ಒಳ್ಳೆಯದು. ಹತ್ತಾರು ನಾಯಿ ಒಟ್ಟಿಗೆ ಇರುವ ಕಡೆ ಆ ಕೆಮ್ಮು ಒಂದಕ್ಕೆ ಬಂದರೆ ಎಲ್ಲಕ್ಕೂ ಹರಡುತ್ತದೆ. ಇಂಜೆಕ್ಷನ್ ಹಾಕಿಸಿದ ಮರುದಿನವೇ ಅದು ಕೆಲಸ ಮಾಡುವುದಿಲ್ಲ, ಎರಡು ವಾರ ಹಿಡಿಯುತ್ತದೆ. ಅದಕ್ಕೇ ಹೊರಡುವುದಕ್ಕೆ ತಿಂಗಳು ಇರುವಾಗಲೇ ಡಾಕ್ಟರ ಹತ್ತಿರ ಕಾರ್ಡು ತೋರಿಸಿ ಅನ್ನುವುದು. ಲಸಿಕೆ ಪೂರ್ತಿ ಆಗದ ಮರಿಯನ್ನಂತೂ ಬೋರ್ಡಿಂಗ್ ಬಾಗಿಲಿಗೂ ಕರೆದುಕೊಂಡು ಹೋಗಬೇಡಿ. ಪಾರ್ವೊ ಬಂದರೆ ಮರಿ ಒಂದೆರಡು ದಿನದಲ್ಲೇ ಕೈಬಿಟ್ಟು ಹೋಗಬಹುದು. ಮರಿ ಇರುವ ಮನೆಯವರು ಆ ವರ್ಷದ ಪ್ರವಾಸ ಸ್ವಲ್ಪ ಮುಂದಕ್ಕೆ ಹಾಕಿದರೆ ನಷ್ಟವೇನಿಲ್ಲ, ಅಲ್ವಾ?

ಇನ್ನು ಎಲ್ಲಿ ಬಿಡುವುದು? ನಮಗೆ ಯಾವುದು ಸುಲಭ ಅಂತ ಯೋಚಿಸುವುದನ್ನು ಸ್ವಲ್ಪ ಪಕ್ಕಕ್ಕಿಟ್ಟು, ನಿಮ್ಮ ನಾಯಿ ಯಾವುದನ್ನು ನೆಚ್ಚಿಕೊಂಡಿದೆ ಅಂತ ನೋಡಿ. ಕೆಲವು ನಾಯಿಗೆ ಮನೆ ಮುಖ್ಯ, ಕೆಲವಕ್ಕೆ ಜನ ಮುಖ್ಯ. ವಯಸ್ಸಾದ, ಕಣ್ಣು ಮಂಜಾದ ನಾಯಿ ಮನೆಯ ಮೂಲೆಮೂಲೆಯನ್ನೂ ವಾಸನೆಯಿಂದ, ಅಭ್ಯಾಸದಿಂದ ಗುರುತಿಟ್ಟುಕೊಂಡು ಓಡಾಡುತ್ತಿರುತ್ತದೆ. ಅದನ್ನು ಹೊಸ ಜಾಗಕ್ಕೆ ಒಯ್ದರೆ ಗೋಡೆಗೆ ಮುಖ ಹೊಡೆದುಕೊಂಡು, ಊಟ ಬಿಟ್ಟು ಕೂರುತ್ತದೆ. ಅಂಥದ್ದಕ್ಕೆ ಜನ ಬದಲಾದರೂ ಪರವಾಗಿಲ್ಲ, ಮನೆ ಬದಲಾಗಬಾರದು. ಎರಡು ವರ್ಷದ ಲ್ಯಾಬ್ರಡಾರ್ ಇದ್ದರೆ ಬೇರೆ ಮಾತು. ಅದು ತಟ್ಟೆ ಹಿಡಿದವರೆಲ್ಲ ನನ್ನವರೇ ಅನ್ನುವ ಜಾತಿ. ತಂಗಿಯ ಮನೆಯಲ್ಲಿ ಬಿಟ್ಟರೂ ಮೂರನೇ ದಿನಕ್ಕೆ ಸೋಫಾ ಹತ್ತಿ ಮಲಗಿರುತ್ತದೆ. ನಮ್ಮ ಬೀದಿಯ ನಾಡು ನಾಯಿಯನ್ನು ಸಾಕಿಕೊಂಡವರು ನೆನಪಿಡಬೇಕಾದದ್ದು, ಅದಕ್ಕೆ ತನ್ನ ಗಲ್ಲಿಯೇ ರಾಜ್ಯ. ಹೊಸ ಜಾಗದಲ್ಲಿ ಬಿಟ್ಟರೆ ತಪ್ಪಿಸಿಕೊಂಡು ಮನೆ ಹುಡುಕಲು ಹೊರಟೀತು. ಮುಧೋಳ ನಾಯಿಯಾದರೆ ಬಿಡುವ ಜಾಗದ ಕಾಂಪೌಂಡ್ ಎಷ್ಟು ಎತ್ತರ ಅಂತಲೇ ಮೊದಲು ನೋಡಿ. ಅದರ ಓಟ, ನೆಗೆತ ಗೊತ್ತಿಲ್ಲದವರು ಗೇಟು ಅರ್ಧ ತೆರೆದಿಟ್ಟುಕೊಂಡು ಮಾತಿಗೆ ನಿಲ್ಲುತ್ತಾರೆ.

ನನ್ನ ಕೇಳಿದರೆ, ನಾಯಿಗೆ ಗುರುತಿರುವ ಒಬ್ಬರು ನಿಮ್ಮ ಮನೆಗೇ ಬಂದು ರಾತ್ರಿ ಮಲಗುವುದು ಎಲ್ಲಕ್ಕಿಂತ ಒಳ್ಳೆಯದು. ಕಾಲೇಜಿಗೆ ಹೋಗುವ ಅಣ್ಣನ ಮಗ, ಕೆಲಸದ ಹೆಂಗಸು, ನಿವೃತ್ತರಾದ ನೆಂಟರು, ಯಾರಾದರೂ ಸರಿ. ಬೆಳಗ್ಗೆ ಸಂಜೆ ಬಂದು ಊಟ ಹಾಕಿ ಹೋಗುತ್ತಾರೆ ಅನ್ನುವುದು ಒಂದು ರಾತ್ರಿಯ ಮಟ್ಟಿಗೆ ನಡೆದೀತು, ಅದೂ ಬೆಳೆದ ನಾಯಿಗೆ. ಅದಕ್ಕಿಂತ ಜಾಸ್ತಿ ಬೇಡ. ಎಂಟು ಗಂಟೆಗಿಂತ ಹೆಚ್ಚು ಹೊತ್ತು ಮೂತ್ರ ತಡೆದುಕೊಂಡು ಕೂರುವುದು ಅದಕ್ಕೆ ಹಿಂಸೆ. ಗಿಡ್ಡ ಚೈನು ಹಾಕಿ ದಿನವಿಡೀ ಕಟ್ಟಿ, ಅನ್ನ ನೀರು ನೋಡದೆ ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. "ನಾಯಿ ಇದ್ದರೆ ಮನೆಗೆ ಕಾವಲು, ಕಟ್ಟಿ ಹೋದರಾಯ್ತು" ಅನ್ನುವವರಿದ್ದಾರೆ. ಮಲೆನಾಡಿನ ಕಡೆಯವರನ್ನು ಕೇಳಿ ನೋಡಿ. ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿಯನ್ನು ಚಿರತೆ ಹೊತ್ತುಕೊಂಡು ಹೋದ ಕಥೆ ಊರಿಗೆ ಒಂದಾದರೂ ಸಿಗುತ್ತದೆ. ಕಾಡಂಚಿನ ತೋಟದ ಮನೆಯಾದರೆ ಕತ್ತಲಾಗುವ ಮೊದಲೇ ನಾಯಿ ಬಾಗಿಲ ಒಳಗಿರಬೇಕು, ಒಳಗೆ ಒಬ್ಬರು ಮನುಷ್ಯರೂ ಇರಬೇಕು.

ನೋಡಿಕೊಳ್ಳುವವರು ಗೊತ್ತಾದ ಮೇಲೆ ಒಂದು ಪರೀಕ್ಷೆ ಮಾಡಲೇಬೇಕು, ಇದನ್ನು ಬಹಳ ಜನ ಮಾಡುವುದಿಲ್ಲ. ನೀವು ಎದುರಿಗಿದ್ದಾಗ ಕೆಲಸದವಳ ಕಾಲು ನೆಕ್ಕುವ ನಾಯಿ, ನೀವಿಲ್ಲದಾಗ ಅವಳನ್ನೇ ಗೇಟಿನೊಳಗೆ ಬಿಡುವುದಿಲ್ಲ! ಯಜಮಾನರಿಲ್ಲದ ಮನೆಯನ್ನು ಕಾಯಬೇಕು ಅಂತ ಅದರ ಲೆಕ್ಕ. ಅದಕ್ಕೇ ನಾಲ್ಕಾರು ದಿನ ಮೊದಲಿನಿಂದ ಅವಳ ಕೈಯಲ್ಲೇ ಊಟ ಹಾಕಿಸಿ. ಆಮೇಲೊಂದು ದಿನ ಮನೆಯವರೆಲ್ಲ ಹೊರಗೆ ಹೋಗಿ, ಅವಳೊಬ್ಬಳೇ ಬೀಗ ತೆಗೆದು ಒಳಗೆ ಬರಲಿ. ನಾಯಿ ಗುರ್ ಅಂತು ಅಂದರೆ ಇನ್ನೂ ಸಮಯ ಇದೆ, ಬೇರೆ ದಾರಿ ನೋಡಬಹುದು. ಮುನ್ನಾರಿನಲ್ಲಿ ನೀವಿರುವಾಗ ಫೋನ್ ಬಂದರೆ ಏನು ಮಾಡುತ್ತೀರಿ?

ಹಾಗೇ ದುಡ್ಡಿನ ಮಾತು. ಬಂದು ಮಲಗುವವರಿಗೆ ಸರಿಯಾಗಿ ಕೊಡಿ. ಬೋರ್ಡಿಂಗ್‌ಗೆ ದಿನಕ್ಕೆ ಎಷ್ಟು ಕೇಳುತ್ತಾರೋ ವಿಚಾರಿಸಿ, ಅದರ ಹತ್ತಿರ ಹತ್ತಿರವಾದರೂ ಕೊಡಿ. ವಾಪಸ್ ಬರುವಾಗ ಒಂದು ಸೀರೆ ತಂದುಕೊಟ್ಟು ಮುಗಿಸುವ ಜಾಣತನ ಬೇಡ. ಅರ್ಧ ದುಡ್ಡು ಮೊದಲೇ ಕೈಗಿಟ್ಟರೆ ಕೆಲಸವೂ ಮನಸ್ಸಿಟ್ಟು ಆಗುತ್ತದೆ.

ಮನೆಗೆ ಬರುವವರು ಯಾರೂ ಸಿಗದಿದ್ದರೆ ಬೋರ್ಡಿಂಗ್. ಅದೇನು ಕೆಟ್ಟದ್ದಲ್ಲ, ಆದರೆ ಫೋಟೊ ನೋಡಿ ಬುಕ್ ಮಾಡಬೇಡಿ. ಒಮ್ಮೆ ಸಂಜೆ ಊಟದ ಹೊತ್ತಿಗೆ ಹೇಳದೆ ಹೋಗಿ. ಒಳಗೆ ಬಿಡುವುದಿಲ್ಲ ಅಂದರೆ ಅಲ್ಲಿಂದಲೇ ತಿರುಗಿ ಬನ್ನಿ. ಹಗಲು ಆಡುವ ಹುಲ್ಲಿನ ಜಾಗವನ್ನು ಎಲ್ಲರೂ ತೋರಿಸುತ್ತಾರೆ. ನೀವು ರಾತ್ರಿ ಮಲಗುವ ಜಾಗ ತೋರಿಸಿ ಅನ್ನಿ. ರಾತ್ರಿ ಅಲ್ಲಿ ಯಾರಿರುತ್ತಾರೆ, ಎಷ್ಟು ನಾಯಿಗೆ ಒಬ್ಬರು, ದೊಡ್ಡ ನಾಯಿ ಸಣ್ಣ ನಾಯಿ ಬೇರೆ ಬೇರೆ ಇಡುತ್ತಾರಾ ಕೇಳಿ. ಗೋಡೆಯ ಬಿರುಕು, ಮಂಚದ ಸಂದು ನೋಡಿ. ಉಣ್ಣಿ ಇದ್ದರೆ ಅಲ್ಲೇ ಕಾಣುತ್ತದೆ. ನಮ್ಮ ಕಡೆ ನಾಯಿಗಳನ್ನು ಹಣ್ಣು ಮಾಡುವುದು ಈ ಉಣ್ಣಿಯಿಂದ ಬರುವ ಜ್ವರವೇ. ಆದ್ದರಿಂದ ಎಲ್ಲಿ ಬಿಟ್ಟರೂ, ಬಿಡುವ ಮೊದಲು ಉಣ್ಣಿಯ ಔಷಧಿ ಹಾಕಿಸಿ.

ಇನ್ನೊಂದು ಗುರುತು ಹೇಳುತ್ತೇನೆ. ಅವರು ನಿಮ್ಮನ್ನು ಎಷ್ಟು ಪ್ರಶ್ನೆ ಕೇಳುತ್ತಾರೆ ಅಂತ ಗಮನಿಸಿ. ಲಸಿಕೆ ಕಾರ್ಡು ಎಲ್ಲಿ, ಬೇರೆ ನಾಯಿ ಕಂಡರೆ ಹೇಗಿರುತ್ತದೆ, ಊಟದ ತಟ್ಟೆ ಮುಟ್ಟಿದರೆ ಕಚ್ಚುತ್ತದಾ, ಮರಿಯಾಗದ ಹಾಗೆ ಆಪರೇಷನ್ ಆಗಿದೆಯಾ. ಇಷ್ಟೂ ಕೇಳದೆ "ಬಿಟ್ಟು ಹೋಗಿ ಮೇಡಂ" ಅಂದರೆ ಅಂಥ ಕಡೆ ಬಿಡಬೇಡಿ. ನಿಮ್ಮದನ್ನು ಕೇಳದವರು ಪಕ್ಕದ ಗೂಡಿನ ನಾಯಿಯದ್ದನ್ನೂ ಕೇಳಿರುವುದಿಲ್ಲ. ಹೆಣ್ಣು ನಾಯಿ ಬೆದೆಗೆ ಬರುವ ಸಮಯ ಲೆಕ್ಕ ಹಾಕಿಕೊಳ್ಳಿ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ, ಪ್ರತಿ ಸಲ ಮೂರು ವಾರದಷ್ಟು ಇರುತ್ತದೆ. ಆಗ ಬಿಟ್ಟು ಹೋದರೆ, ಎರಡು ತಿಂಗಳ ಮೇಲೆ ಪ್ರವಾಸದ ನೆನಪಿಗೆ ಅಂತ ಮರಿಗಳು ಸಿಗುತ್ತವೆ. ಎಲ್ಲ ಒಪ್ಪಿಗೆಯಾದ ಮೇಲೂ, ನೀವು ಊರಲ್ಲೇ ಇರುವಾಗ ಒಂದು ರಾತ್ರಿ ಬಿಟ್ಟು ನೋಡಿ. ಮರುದಿನ ಕರೆದುಕೊಂಡು ಬಂದು, ಮುಂದಿನ ವಾರ ಅದೇ ಗೇಟಿನ ಮುಂದೆ ಕಾರು ನಿಲ್ಲಿಸಿದರೆ ಅದರ ಬಾಲವೇ ಉತ್ತರ ಹೇಳುತ್ತದೆ.

ಯಾರ ಹತ್ತಿರ ಬಿಟ್ಟರೂ ಒಂದು ಹಾಳೆ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ. ಊಟ ಎಷ್ಟು ಅನ್ನುವುದನ್ನು ಲೋಟದ ಅಳತೆಯಲ್ಲಿ ಬರೆಯಿರಿ, "ಸ್ವಲ್ಪ" ಅಂದರೆ ಒಬ್ಬೊಬ್ಬರಿಗೆ ಒಂದೊಂದು. ರಾಗಿ ಗಂಜಿ, ಮೊಸರನ್ನ ತಿಂದು ಬೆಳೆದ ನಾಯಿಗೆ ಅದನ್ನೇ ಹಾಕಲಿ. ರಜೆಯ ನೆಪದಲ್ಲಿ ಪ್ಯಾಕೆಟ್ ಊಟ ಶುರು ಮಾಡಿದರೆ ಹೊಟ್ಟೆ ಕೆಡುತ್ತದೆ. ಬದಲಾಯಿಸಲೇಬೇಕಾದರೆ ಒಂದು ವಾರದ ಮೊದಲಿನಿಂದ ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಬನ್ನಿ. ಕೊಡಬಾರದ್ದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ: ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಬೇಯಿಸಿದ ಕೋಳಿಯ ಮೂಳೆ. ಪ್ರೀತಿ ಜಾಸ್ತಿಯಾದ ನೆಂಟರು ಪಾಯಸದ ಬಟ್ಟಲು ನೆಕ್ಕಿಸುವುದು ಉಂಟು, ಅದರಲ್ಲಿ ಒಣದ್ರಾಕ್ಷಿ ಇರುತ್ತದೆ.

ಜ್ವರ ಬಂದ ಹಾಗಿದೆ ಅಂತ ಮನೆಯಲ್ಲಿದ್ದ ಕ್ರೋಸಿನ್, ಬ್ರುಫೆನ್ ಕೊಡಬಾರದು ಅಂತಲೂ ಬರೆಯಿರಿ. ಮನುಷ್ಯರ ನೋವಿನ ಮಾತ್ರೆ ನಾಯಿಗೆ ವಿಷವಾಗಬಹುದು. ನಾಯಿಯ ಮೈ ನಮಗಿಂತ ಬಿಸಿಯೇ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ. ಇದು ಗೊತ್ತಿಲ್ಲದೆ ಸುಮ್ನೆ ಗಾಬರಿಯಾಗುತ್ತಾರೆ. ಮೂರ್ಛೆ ರೋಗಕ್ಕೆ ಮಾತ್ರೆ ತಿನ್ನುವ ನಾಯಿಯಾದರೆ ಒಂದು ಹೊತ್ತೂ ತಪ್ಪಬಾರದು. ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ಬರುತ್ತದೆ. ಮಾತ್ರೆಯನ್ನು ದಿನದ ಲೆಕ್ಕದಲ್ಲಿ ಸಣ್ಣ ಕವರಿಗೆ ಹಾಕಿ ತಾರೀಖು ಬರೆದಿಡಿ. ಡಾಕ್ಟರಿಗೆ ನೀವೇ ಮೊದಲು ಫೋನ್ ಮಾಡಿ, "ನಾವಿಲ್ಲದಾಗ ಇಂಥವರು ಕರೆದುಕೊಂಡು ಬಂದರೆ ಚಿಕಿತ್ಸೆ ಮಾಡಿ, ದುಡ್ಡು ನಾವು ಕೊಡುತ್ತೇವೆ" ಅಂತ ಹೇಳಿಡಿ. ನೋಡಿಕೊಳ್ಳುವ ಪಾಪದವರು ಖರ್ಚಿಗೆ ಹೆದರಿಯೇ ಒಂದು ದಿನ ತಡ ಮಾಡುತ್ತಾರೆ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ದಾರಿಯೂ ಗೊತ್ತಿರಲಿ.

ದೀಪಾವಳಿಗೆ ಮಾತ್ರ ನಾಯಿಯನ್ನು ಬೇರೆಯವರ ಹತ್ತಿರ ಬಿಟ್ಟು ಹೋಗಬೇಡಿ ಅಂತಲೇ ನಾನು ಹೇಳುವುದು. ಪಟಾಕಿ ಸದ್ದಿಗೆ ಹೆದರಿ ಓಡಿಹೋಗುವ ನಾಯಿಗಳು ಆ ದಿನಗಳಲ್ಲಿ ಎಷ್ಟೋ. ಹೋಗಲೇಬೇಕಾದರೆ ಕುತ್ತಿಗೆಯ ಬೆಲ್ಟಿಗೆ ಫೋನ್ ನಂಬರಿನ ಬಿಲ್ಲೆ ಹಾಕಿ. ನಿಮ್ಮದೂ ಇರಲಿ, ನೋಡಿಕೊಳ್ಳುವವರದೂ ಇರಲಿ.

ಜೊತೆಗೇ ಕರೆದುಕೊಂಡು ಹೋದರೆ ಆಗುವುದಿಲ್ಲವಾ? ನಮ್ಮ ಸೊಸೆ ಪ್ರತಿ ಸಲ ಕೇಳುತ್ತಾಳೆ, "ಅತ್ತೆ, ಅದೂ ಮನೆಯ ಮಗು ತಾನೇ?" ಅಂತ. ಹೌದಮ್ಮ, ಆದರೆ ಆ ಮಗುವಿಗೆ ಬೇಲೂರು ಹಳೇಬೀಡಿನ ಶಿಲ್ಪ ಬೇಕಾಗಿಲ್ಲ. ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಹೊರಟರೆ ಒಬ್ಬರು ನಾಯಿ ಹಿಡಿದುಕೊಂಡು ಹೊರಗೇ ಕೂರಬೇಕು. ಬಂಡೀಪುರ, ನಾಗರಹೊಳೆಯ ಕಾಡಿನೊಳಗೆ ಸಾಕುನಾಯಿಯನ್ನು ಬಿಡುವುದಿಲ್ಲ, ಬಿಡಬಾರದು ಕೂಡ. ನಾಯಿಯ ಡಿಸ್ಟೆಂಪರ್ ಹುಲಿಗೂ ತಗಲುತ್ತದೆ. ರೈಲಿನಲ್ಲಿ ಫಸ್ಟ್ ಎಸಿಯ ಎರಡು ಬರ್ತಿನ ಕೂಪೆ ಅಥವಾ ನಾಲ್ಕು ಬರ್ತಿನ ಕ್ಯಾಬಿನ್ ಪೂರ್ತಿ ನಿಮ್ಮದಾದರೆ ಮಾತ್ರ ನಾಯಿ ಜೊತೆಗೆ ಬರಬಹುದು. ಅದಕ್ಕೂ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಬೇಕು. ಸ್ಲೀಪರ್, ತ್ರೀ ಟಯರ್‌ನಲ್ಲಿ ಬಿಡುವುದಿಲ್ಲ. ಉಳಿದದ್ದು ಗಾರ್ಡ್ ಡಬ್ಬಿಯ ನಾಯಿ ಪೆಟ್ಟಿಗೆ. ಕತ್ತಲು, ಸದ್ದು, ಒಂಟಿತನ. ಅದಕ್ಕಿಂತ ಬೋರ್ಡಿಂಗ್ ಎಷ್ಟೋ ವಾಸಿ.

ಸ್ವಂತ ಕಾರು, ತೋಟದ ಮನೆ, ನಾಯಿಗೆ ಕಾರಿನ ಅಭ್ಯಾಸ, ಮೂರೂ ಇದ್ದರೆ ಧಾರಾಳವಾಗಿ ಕರೆದುಕೊಂಡು ಹೋಗಿ. ಹೊರಡುವ ನಾಲ್ಕು ಗಂಟೆ ಮೊದಲೇ ಊಟ ನಿಲ್ಲಿಸಿ, ನೀರು ಕೊಡುತ್ತಾ ಇರಿ. ಇಲ್ಲವಾದರೆ ಚಾರ್ಮಾಡಿ ಘಾಟಿಯ ಮೂರನೇ ತಿರುವಿನಲ್ಲಿ ಸೀಟು ತೊಳೆಯಬೇಕಾಗುತ್ತದೆ. ತಿಂಡಿಗೆ ಅಂತ ಇಳಿದಾಗ ಗಾಜು ಏರಿಸಿ ನಾಯಿಯನ್ನು ಕಾರಲ್ಲಿ ಬಿಡಬೇಡಿ. ಬಿಸಿಲಲ್ಲಿ ನಿಂತ ಕಾರು ಹತ್ತೇ ನಿಮಿಷದಲ್ಲಿ ಒಲೆಯಾಗುತ್ತದೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಉಸಿರೇ ಸಿಗುವುದಿಲ್ಲ.

ಹೊರಡುವಾಗ ಅದರ ಹಾಸಿಗೆ, ತಟ್ಟೆಯ ಜೊತೆ ನೀವು ಉಟ್ಟು ಬಿಟ್ಟ ಹಳೆಯ ಸೀರೆಯನ್ನೋ ಅಂಗಿಯನ್ನೋ ಒಗೆಯದೆ ಕೊಡಿ. ಬಾಗಿಲಲ್ಲಿ ತಬ್ಬಿಕೊಂಡು ಅಳುವುದೆಲ್ಲ ಬೇಡ, ಅಂಗಡಿಗೆ ಹೋಗುವ ಹಾಗೆ ಹೋಗಿಬಿಡಿ. ವಾಪಸ್ ಬಂದ ಮೇಲೆ ಕೆಲವು ನಾಯಿ ಕುಣಿಯುತ್ತವೆ, ಕೆಲವು ಮುಖ ತಿರುಗಿಸಿ ಕೂರುತ್ತವೆ, ಎರಡೂ ಸರಿಹೋಗುತ್ತದೆ. ಅವತ್ತೇ ಕಿವಿಯ ಒಳಗೆ, ಬೆರಳಿನ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿ ಇದೆಯಾ ನೋಡಿ. ಒಂದು ದಿನ ಭೇದಿಯಾದರೆ ಅನ್ನ ಮಜ್ಜಿಗೆ ಸಾಕು. ಮುಂದಿನ ಎರಡು ಮೂರು ವಾರ ಮಾತ್ರ ಕಣ್ಣಿಟ್ಟಿರಿ. ಒಣ ಕೆಮ್ಮು ಶುರುವಾದರೆ, ಊಟ ಬಿಟ್ಟು ಮಂಕಾದರೆ, ಮೂಗಿನಲ್ಲಿ ರಕ್ತ ಕಂಡರೆ ಮನೆ ಮದ್ದು ಹುಡುಕದೆ ಡಾಕ್ಟರ ಹತ್ತಿರ ಹೋಗಿ. ನಾಯಿ ಬೋರ್ಡಿಂಗ್‌ನಲ್ಲಿ ಇತ್ತು ಅನ್ನುವುದನ್ನು ಮೊದಲ ಮಾತಲ್ಲೇ ಅವರಿಗೆ ಹೇಳಿ.