ಕೊಡಗಿನ ಅಮ್ಮತ್ತಿಯಿಂದ ಆಸ್ಟ್ರಿಯಾದ ವಿಯೆನ್ನಾಕ್ಕೆ: ನಾವು ಸುತ್ತಿದ ಹಾಗೆ

ಕಾಫಿ ಕುಯ್ಲು ಮುಗಿದು, ಹೂಮಳೆ ಬಿದ್ದ ಮೇಲೆ ಹೊರಡಿ. ಅಲ್ಲಿನ ಏಪ್ರಿಲ್‌ಗೆ ನಮ್ಮ ಡಿಸೆಂಬರಿನ ಸ್ವೆಟರ್ ಸಾಲದು, ಮೇಲೊಂದು ಜಾಕೆಟ್ ಇರಲಿ.

ಮೊದಲ ದಿನ ಕಲಾ ಇತಿಹಾಸ ಮ್ಯೂಸಿಯಂ. 1891ರಲ್ಲಿ ತೆರೆದ ಅರಮನೆಯಂಥ ಕಟ್ಟಡ. ಎಲ್ಲಾ ನೋಡುತ್ತೇನೆಂದರೆ ಕಾಲು ಬಿದ್ದುಹೋಗುತ್ತದೆ. ನೇರ ಬ್ರೂಗೆಲ್‌ನ ಚಿತ್ರಗಳ ಕೋಣೆಗೆ ಹೋಗಿ. 1565ರ 'ಹಿಮದಲ್ಲಿ ಬೇಟೆಗಾರರು' ಮುಂದೆ ನಮ್ಮ ಯಜಮಾನರು ಅರ್ಧ ಗಂಟೆ ಕದಲಲಿಲ್ಲ. ಅಷ್ಟು ನಾಯಿಗಳು, ಮೂವರು ಗಂಡಸರು, ಸಿಕ್ಕಿದ್ದು ಒಂದು ಬಡಕಲು ನರಿ! ಬೇಟೆಯ ಮನೆತನದವರಿಗೆ ಆ ಬಗ್ಗಿದ ಬೆನ್ನುಗಳ ಅರ್ಥ ಹೇಳಿಕೊಡಬೇಕಿಲ್ಲ. ಸೋಮವಾರ ತೆರೆದಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಮನೆಯಲ್ಲಿ ಮಿಲಿಟರಿಯವರಿದ್ದರೆ (ಯಾರ ಮನೆಯಲ್ಲಿಲ್ಲ?) ಸೇನಾ ಇತಿಹಾಸ ಮ್ಯೂಸಿಯಂ ಬಿಡಬೇಡಿ. 1914ರ ಜೂನ್ 28ರಂದು ಸರಾಯೆವೋದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನೆಂಡ್ ಗುಂಡೇಟು ತಿಂದಾಗ (ಮೊದಲ ಮಹಾಯುದ್ಧಕ್ಕೆ ಕಿಡಿ ಹಚ್ಚಿದ್ದು ಅದೇ) ಕುಳಿತಿದ್ದ ಕಾರು ಅಲ್ಲಿದೆ. ಮುಖ್ಯ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು.

ಶೋನ್‌ಬ್ರುನ್ ಅರಮನೆಯಲ್ಲಿ 1,441 ಕೋಣೆಗಳಂತೆ. ನನಗೆ ಹತ್ತಕ್ಕೇ ಸಾಕಾಯಿತು. ತೋಟಕ್ಕೆ ಟಿಕೆಟ್ ಇಲ್ಲ, ಅದು ಚೆನ್ನ.

ಸ್ಟೀಫನ್ ಚರ್ಚಿನ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು. ಮಂಡಿನೋವಿದ್ದರೆ ಉತ್ತರ ಗೋಪುರದ ಲಿಫ್ಟ್ ಹಿಡಿಯಿರಿ.

ಕಾಫಿಹೌಸ್‌ನಲ್ಲಿ 'ಮೆಲಾಂಜ್' (ಹಾಲಿನ ನೊರೆ ಹಾಕಿದ ಅಲ್ಲಿನ ಕಾಫಿ) ಕೇಳಿ. ಪುಟ್ಟ ತಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ಬರುತ್ತದೆ. ಒಂದೇ ಕಪ್ಪಿಗೆ ಗಂಟೆಗಟ್ಟಲೆ ಕುಳಿತರೂ ಯಾರೂ ಎಬ್ಬಿಸುವುದಿಲ್ಲ. ಬೆಲ್ಲ ಮಾತ್ರ ಚೀಲದಲ್ಲಿ ಒಯ್ಯಿರಿ.